ಉಕ್ಕಿನ ಕೋಟೆಯೂ ಅಗ್ನಿಬಾಣವೂ

ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ ತಾಲೂಕಿನಲ್ಲಿ ಸಾಂಬ್ರಾಣಿಯೆಂಬ ಗ್ರಾಮವಿರುವುದು. ಅದು ಬತ್ತದ ಗದ್ದೆಗಳ ಮತ್ತು ಸಾಗುವಾನಿಯ ಕಾಡುಗಳ ಸೀಮೆ; ಸಮುದ್ರದ ಮೊರೆತವು ಆ ಊರಿನವರ ಕಿವಿಗೆ ಎಂದೂ ಬೀಳದು. ಇಂತಹ ಘಟ್ಟದ ಮೇಲಣ ಊರಿನ ಗೃಹಸ್ಥನಿಗೆ ಯುದ್ಧನೌಕೆಗಳ ಗೊಡವೆ ಏತಕ್ಕೆಂದು ಯಾರಾದರೂ ಕೇಳಬಹುದು. ಆದರೆ ಜೋಯಿಡಾ ಸೀಮೆಯಲ್ಲಿ ಹುಟ್ಟಿ, ದಾಂಡೇಲಿಯನ್ನು ಬಳಸಿ, ಘಟ್ಟವನ್ನು ಸೀಳಿಕೊಂಡು ಇಳಿಯುವ ಕಾಳೀನದಿಯು ಕಡಲನ್ನು ಸೇರುವುದು ಕಾರವಾರದಲ್ಲಿ. ಸಾಂಬ್ರಾಣಿಯವರಿಗೂ ಹಳಿಯಾಳದವರಿಗೂ ಅದೇ ಜಿಲ್ಲೆಯ ಮುಖ್ಯ ಪಟ್ಟಣವು. ಆ ಪಟ್ಟಣದ ದಕ್ಷಿಣಕ್ಕೆ, ಬೆಟ್ಟಗಳ ಮರೆಯಲ್ಲಿ, ಭಾರತೀಯ ನೌಕಾಪಡೆಯ ‘ಕದಂಬ’ ನೆಲೆಯು ನಿಂತಿರುವುದು.

ಈ ನೆಲೆಗೆ ೧೯೮೬ನೆಯ ಇಸವಿಯಲ್ಲಿ ಶಂಕುಸ್ಥಾಪನೆಯಾಯಿತು. ೨೦೦೫ನೆಯ ಇಸವಿ ಮೇ ೩೧ರಂದು ಅದು ಸೇವೆಗೆ ತೆರೆಯಲ್ಪಟ್ಟಿತು. ಕಡಲೊಳಗಿನ ಅಂಜುದೀವಕ್ಕೆ ಕಲ್ಲಿನ ಒಡ್ಡನ್ನು ಹಾಕಿ ಅಲೆಗಳನ್ನು ತಡೆದರು. ವಿಮಾನಗಳನ್ನು ಹೊರುವ ‘ವಿಕ್ರಮಾದಿತ್ಯ’ ನೌಕೆಗೆ ಇದೇ ತವರು ಬಂದರವಾಯಿತು. ಇದಕ್ಕಾಗಿ ಕಾರವಾರ, ಅಂಕೋಲಾ ಕಡೆಯ ನಾಲ್ಕು ಸಾವಿರಕ್ಕೂ ಹೆಚ್ಚಿನ ಕುಟುಂಬಗಳು ಮನೆ, ತೋಟ, ಗದ್ದೆ, ದೋಣಿ ಕಟ್ಟುವ ತಾಣ ಇವೆಲ್ಲವನ್ನೂ ಬಿಟ್ಟುಕೊಟ್ಟು ಎದ್ದು ಹೋದುವು. ಅಜ್ಜನ ಕಾಲದ ಒಲೆಗಳು ಆರಿದುವು; ಆ ಸ್ಥಳದಲ್ಲಿ ಉಕ್ಕಿನ ಹಡಗುಗಳು ಬಂದು ನಿಂತುವು.

ಆದುದರಿಂದ ನಮ್ಮ ಜಿಲ್ಲೆಯ ಗೃಹಸ್ಥನಿಗೆ ಒಂದು ಪ್ರಶ್ನೆಯನ್ನು ಕೇಳುವ ಹಕ್ಕು ಉಂಟು. ಈಚಿನ ವರ್ಷಗಳಲ್ಲಿ ಎಲ್ಲಿ ಯುದ್ಧ ನಡೆದರೂ, ಒಬ್ಬ ಸಿಪಾಯಿಯು ಹೆಗಲ ಮೇಲಿಟ್ಟು ಹಾರಿಸಿದ ಕ್ಷಿಪಣಿಯಿಂದ ನಲವತ್ತೈವತ್ತು ಟನ್ನಿನ ರಣಗಾಡಿಯು ಸುಟ್ಟುಹೋಯಿತೆಂದೂ, ದಡದಿಂದ ಬಂದ ಒಂದೆರಡು ಕ್ಷಿಪಣಿಗಳಿಂದ ದೊಡ್ಡ ಹಡಗು ಮುಳುಗಿತೆಂದೂ ಸುದ್ದಿ ಬರುತ್ತಿರುವುದು. ಹಾಗಾದರೆ ಸಾವಿರಾರು ಕೋಟಿ ರೂಪಾಯಿಗಳನ್ನು ಸುರಿದು, ಜನರನ್ನು ಎಬ್ಬಿಸಿ ಸಾಕಿರುವ ಈ ನೌಕೆಗಳು ನಿಜವಾಗಿ ಕೋಟೆಗಳೋ, ಇಲ್ಲವೆ ಕಡಲ ಮೇಲೆ ತೇಲುವ ದೊಡ್ಡ ಗುರಿಗಳೋ? ಮಗನನ್ನು ನೌಕಾಪಡೆಗೆ ಕಳುಹಿಸಿದ ತಾಯಿಯೂ ಇದನ್ನೇ ಕೇಳುವಳು. ಉತ್ತರವನ್ನು ಭಯವಿಲ್ಲದೆ, ಜಂಬವೂ ಇಲ್ಲದೆ ವಿಚಾರಿಸಿ ನೋಡೋಣ.

ಕಡಲತಡಿಯ ಸಾಕ್ಷಿ

ಕಾರವಾರದ ರವೀಂದ್ರನಾಥ ಠಾಕೂರ ಕಡಲತೀರಕ್ಕೆ ಹೋದವರು ಮರಳಿನ ಮೇಲೆ ನಿಲ್ಲಿಸಿರುವ ‘ಚಪಲ್’ ಎಂಬ ಹಳೆಯ ನೌಕೆಯನ್ನು ನೋಡಿರಬಹುದು. ಸೇವೆಯಿಂದ ನಿವೃತ್ತವಾದ ಬಳಿಕ ಅದನ್ನು ವಸ್ತುಸಂಗ್ರಹಾಲಯವನ್ನಾಗಿ ಮಾಡಿರುವರು. ಅದರ ಉದ್ದವು ಸುಮಾರು ೩೯ ಮೀಟರು. ತೂಕವು ೨೫೦ ಟನ್ನಿಗೂ ಕಡಿಮೆ. ನಡೆಯಿಸಲು ಮೂವತ್ತು ಮಂದಿಯ ಆಸುಪಾಸು ಸಾಕು. ದೊಡ್ಡ ಯುದ್ಧನೌಕೆಯ ಪಕ್ಕದಲ್ಲಿ ನಿಲ್ಲಿಸಿದರೆ ಇದು ಆನೆಯ ಮಗ್ಗುಲಿನ ಆಡಿನಂತೆ ತೋರುವುದು. ಆದರೆ ಅದರ ಅಟ್ಟದ ಮೇಲೆ ನಾಲ್ಕು ಗೂಡುಗಳಿವೆ. ಒಂದೊಂದು ಗೂಡಿನಲ್ಲಿಯೂ ಸುಮಾರು ಆರು ಮೀಟರು ಉದ್ದದ ಒಂದೊಂದು ಕ್ಷಿಪಣಿಯಿರುತ್ತಿತ್ತು. ಒಂದರ ಮೂತಿಯಲ್ಲಿ ಐದು ನೂರು ಕಿಲೊಗ್ರಾಮಿನ ಆಸುಪಾಸು ಸಿಡಿಮದ್ದು. ಅದು ನಲವತ್ತು ಕಿಲೊಮೀಟರು ಹಾರಿ, ಕಡೆಯ ಹಾದಿಯಲ್ಲಿ ತನ್ನ ರಾಡಾರಿನ ಕಣ್ಣಿನಿಂದ ಗುರಿಯನ್ನು ತಾನೇ ಹುಡುಕಿಕೊಳ್ಳುವುದು.

ಈ ಆಡು ಆನೆಯನ್ನು ಕೆಡವಬಲ್ಲುದೆಂದು ಲೋಕಕ್ಕೆ ತಿಳಿದುದು ೧೯೬೭ನೆಯ ಇಸವಿ ಅಕ್ಟೋಬರ ೨೧ರಂದು. ಆ ದಿನ ಈಜಿಪ್ಟಿನ ಪೋರ್ಟ್ ಸೈದ್ ಬಂದರದೊಳಗಿನಿಂದಲೇ ಸಣ್ಣ ಕ್ಷಿಪಣಿ ದೋಣಿಗಳು ಇದೇ ಬಗೆಯ ಅಸ್ತ್ರಗಳನ್ನು ಹಾರಿಸಿದುವು. ಹೊರಗಡೆ ಸುಳಿಯುತ್ತಿದ್ದ ‘ಐಲಾತ್’ ಎಂಬ ಇಸ್ರೇಲಿನ ವಿಧ್ವಂಸಕ ನೌಕೆಯು ಮುಳುಗಿತು. ನಲವತ್ತೇಳು ಮಂದಿ ಪ್ರಾಣ ಬಿಟ್ಟರು. ಹಡಗಿನಿಂದ ಹಾರಿಸಿದ ಕ್ಷಿಪಣಿಯು ಯುದ್ಧದಲ್ಲಿ ಹಡಗನ್ನು ಮುಳುಗಿಸಿದುದು ಅದೇ ಮೊದಲು.

ನಾಲ್ಕು ವರ್ಷಗಳ ತರುವಾಯ ಭಾರತದ ಸರದಿ ಬಂದಿತು. ೧೯೭೧ನೆಯ ಇಸವಿ ಡಿಸೆಂಬರ ೪ರ ರಾತ್ರಿ ‘ನಿಪಾತ್’, ‘ನಿರ್ಘಾತ್’, ‘ವೀರ್’ ಎಂಬ ಮೂರು ದೋಣಿಗಳು ಕರಾಚಿಯ ಮೇಲೆ ಬಿದ್ದುವು. ಇವು ಚಪಲ್ ನೌಕೆಯ ಅಕ್ಕಂದಿರು ಎನ್ನಬಹುದು. ಚಪಲ್ ಹುಟ್ಟಿದುದು ಆ ಯುದ್ಧವು ಮುಗಿದ ಮೇಲೆ. ದೂರ ಓಡುವಷ್ಟು ಎಣ್ಣೆಯನ್ನು ಹೊರಲಾರದ ಆ ದೋಣಿಗಳನ್ನು ಹಾದಿಯ ಸ್ವಲ್ಪ ಭಾಗದಲ್ಲಿ ದೊಡ್ಡ ಹಡಗುಗಳು ಹಗ್ಗ ಕಟ್ಟಿ ಎಳೆದೊಯ್ದುವಂತೆ. ಪಾಕಿಸ್ತಾನದ ‘ಖೈಬರ್’ ಎಂಬ ವಿಧ್ವಂಸಕ ನೌಕೆಯೂ, ‘ಮುಹಾಫಿಜ್’ ಎಂಬ ಸಣ್ಣ ನೌಕೆಯೂ ಮುಳುಗಿದುವು. ಮೊದಲ ಏಟು ಬಿದ್ದಾಗ ಖೈಬರದವರು ತಮ್ಮ ಮೇಲೆ ಬಂದುದು ವಿಮಾನವೆಂದೇ ಎಣಿಸಿದರು. ಏನು ಹೊಡೆಯಿತೆಂದು ತಿಳಿಯುವ ಮುನ್ನವೇ ಎರಡನೆಯದು ಬಂದಿತ್ತು. ನಾಲ್ಕು ರಾತ್ರಿಗಳ ಬಳಿಕ ‘ವಿನಾಶ್’ ಎಂಬ ಇನ್ನೊಂದು ದೋಣಿಯು ಅಲ್ಲಿಗೇ ಹೋಗಿ ಎಣ್ಣೆಯ ಉಗ್ರಾಣಗಳಿಗೆ ಬೆಂಕಿಯಿಟ್ಟಿತು. ಈ ದಾಳಿಯ ನೆನಪಿಗಾಗಿಯೇ ಡಿಸೆಂಬರ ೪ನೆಯ ದಿನವನ್ನು ನೌಕಾದಿನವೆಂದು ಆಚರಿಸುವರು.

ಆದರೆ ಗೆದ್ದವರ ಮನೆಯಲ್ಲಿಯೂ ಆ ವಾರವೇ ಸೂತಕವಾಯಿತು. ಡಿಸೆಂಬರ ೯ರ ರಾತ್ರಿ ದೀವ್ ದ್ವೀಪದ ಹೊರಗಡೆಯಲ್ಲಿ ‘ಹ್ಯಾಂಗೋರ್’ ಎಂಬ ಜಲಾಂತರ್ಗಾಮಿಯು ಹಾರಿಸಿದ ಟಾರ್ಪೆಡೋವು ನಮ್ಮ ‘ಖುಕ್ರಿ’ ನೌಕೆಗೆ ತಾಕಿತು. ಕೆಲವೇ ನಿಮಿಷಗಳಲ್ಲಿ ನೌಕೆ ಮುಳುಗಿತು. ಹದಿನೆಂಟು ಅಧಿಕಾರಿಗಳೂ ನೂರ ಎಪ್ಪತ್ತಾರು ನಾವಿಕರೂ ಅದರೊಡನೆ ಹೋದರು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಅವರು ನೌಕೆಯನ್ನು ಬಿಟ್ಟು ಹೊರಡಲಿಲ್ಲ. ಹೊಡೆಯುವ ವಿದ್ಯೆಯು ಒಬ್ಬರ ಸ್ವತ್ತಾಗಿ ನಿಲ್ಲುವುದಿಲ್ಲವೆಂಬುದನ್ನು ಈ ಎರಡು ರಾತ್ರಿಗಳನ್ನು ಜೊತೆಗಿಟ್ಟು ನೋಡಿದವರು ಬಲ್ಲರು.

ಒಡಲಿನ ಕಿಚ್ಚು

ಅಗ್ನಿಬಾಣದ ವಿದ್ಯೆಯು ಕನ್ನಡನಾಡಿಗೆ ಹೊಸದಲ್ಲ. ಹೈದರಾಲಿ ಮತ್ತು ಟಿಪ್ಪೂ ಸುಲ್ತಾನರ ಕಾಲದಲ್ಲಿ ಮೈಸೂರಿನ ಸೈನ್ಯವು ಕಬ್ಬಿಣದ ಕೊಳವೆಯಲ್ಲಿ ಮದ್ದನ್ನು ಗಟ್ಟಿಯಾಗಿ ತುಂಬಿ, ಅದಕ್ಕೆ ಬಿದಿರಿನ ಗಳುವನ್ನೋ ಕತ್ತಿಯ ಅಲಗನ್ನೋ ಕಟ್ಟಿ ಹಾರಿಸುತ್ತಿತ್ತು. ಆ ಕಾಲದ ಯೂರೋಪಿನ ಬಾಣಗಳಿಗೆ ಕಾಗದದ ಹೊದಿಕೆಯಿದ್ದುದರಿಂದ ಅವು ಹೆಚ್ಚು ಒತ್ತಡವನ್ನು ತಾಳುತ್ತಿರಲಿಲ್ಲ. ಕಬ್ಬಿಣದ ಕೊಳವೆಯು ತಾಳಿತು, ಆದುದರಿಂದ ಬಾಣವು ದೂರ ಹೋಯಿತು. ೧೭೮೦ನೆಯ ಇಸವಿ ಸಪ್ಟೆಂಬರ ೧೦ರಂದು ಪೊಳ್ಳಿಲೂರಿನ ಯುದ್ಧದಲ್ಲಿ ಕರ್ನಲ್ ಬೇಯ್ಲಿಯ ಇಂಗ್ಲಿಷ್ ದಂಡು ಸೋತುಹೋದುದಕ್ಕೆ, ಅವರ ಮದ್ದಿನ ಬಂಡಿಗಳು ಹೊತ್ತಿ ಸಿಡಿದುದು ಒಂದು ಮುಖ್ಯ ಕಾರಣವೆಂದೂ, ಆ ಬೆಂಕಿಯನ್ನು ಹೊತ್ತಿಸಿದುದು ಈ ಬಾಣಗಳೆಂದೂ ಇತಿಹಾಸಕಾರರು ಹೇಳುವರು. ಶ್ರೀರಂಗಪಟ್ಟಣವು ಬಿದ್ದ ಬಳಿಕ ಇಂಗ್ಲಿಷರು ಇವುಗಳನ್ನು ತಮ್ಮ ದೇಶಕ್ಕೆ ಒಯ್ದರು. ವಿಲಿಯಂ ಕಾಂಗ್ರೀವನು ಇವನ್ನು ನೋಡಿಯೇ ತನ್ನ ಹೆಸರಿನ ಬಾಣಗಳನ್ನು ಸಿದ್ಧಪಡಿಸಿದನು. ಶಿವಮೊಗ್ಗ ಜಿಲ್ಲೆಯ ನಗರದಲ್ಲಿ ೨೦೧೮ನೆಯ ಇಸವಿಯಲ್ಲಿ ಹಾಳು ಬಾವಿಯೊಂದನ್ನು ತೋಡಿದಾಗ ತುಕ್ಕು ಹಿಡಿದ ಸಾವಿರಕ್ಕೂ ಮೇಲ್ಪಟ್ಟು ಇಂತಹ ಬಾಣಗಳು ದೊರೆತುವು.

ಪೊಳ್ಳಿಲೂರಿನ ಸಂಗತಿಯಲ್ಲಿ ಒಂದು ಸೂಕ್ಷ್ಮವುಂಟು. ಬೇಯ್ಲಿಯ ದಂಡನ್ನು ಕೆಡಿಸಿದುದು ಬಾಣದ ಏಟಲ್ಲ. ಆ ದಂಡು ತಾನೇ ಹೊತ್ತು ತಂದಿದ್ದ ಮದ್ದು. ಬಾಣವು ಕಿಡಿಯನ್ನು ಮಾತ್ರ ಮುಟ್ಟಿಸಿತು. ಅಂದಿನಿಂದ ಇಂದಿನವರೆಗೆ ಈ ನಿಯಮವು ಬದಲಾಗಿಲ್ಲ. ಹಡಗಾಗಲಿ ರಣಗಾಡಿಯಾಗಲಿ ಸಾಮಾನ್ಯವಾಗಿ ತನ್ನ ಒಡಲಿನಲ್ಲಿರುವ ಎಣ್ಣೆಯಿಂದಲೂ ಮದ್ದುಗುಂಡಿನಿಂದಲೂ ಹಾಳಾಗುವುದು.

೧೯೮೨ನೆಯ ಇಸವಿ ಮೇ ೪ರಂದು, ಫಾಕ್‌ಲೆಂಡ್ ದ್ವೀಪಗಳಿಗಾಗಿ ನಡೆದ ಯುದ್ಧದಲ್ಲಿ, ಅರ್ಜೆಂಟೀನದ ವಿಮಾನಗಳು ಹಾರಿಸಿದ ‘ಎಕ್ಸೊಸೆಟ್’ ಕ್ಷಿಪಣಿಯೊಂದು ಬ್ರಿಟನ್ನಿನ ‘ಶೆಫೀಲ್ಡ್’ ನೌಕೆಗೆ ಬಡಿಯಿತು. ಸುಮಾರು ನಾಲ್ಕು ಸಾವಿರ ಟನ್ನಿನ, ಆ ಕಾಲಕ್ಕೆ ಹೊಸದಾದ ನೌಕೆಯದು. ಕ್ಷಿಪಣಿಯ ಮೂತಿಯ ಮದ್ದು ಸಿಡಿಯಿತೋ ಇಲ್ಲವೋ ಎಂಬುದು ಬಹುಕಾಲ ಚರ್ಚೆಯಾಯಿತು. ಆದರೆ ಬೆಂಕಿಯೇಳುವುದಕ್ಕೆ ಅದರ ಅವಶ್ಯಕತೆಯೇ ಬೀಳಲಿಲ್ಲ. ಬೆಂಕಿ ಆರಿಸುವ ನೀರಿನ ಮುಖ್ಯ ಕೊಳವೆಯು ಮೊದಲ ಏಟಿಗೇ ಒಡೆದುಹೋಯಿತು. ಕಪ್ಪು ಹೊಗೆಯು ಹಡಗನ್ನೆಲ್ಲ ತುಂಬಿತು. ಇಪ್ಪತ್ತು ಮಂದಿ ಸತ್ತರು. ಆರು ದಿನಗಳ ಬಳಿಕ, ಎಳೆದುಕೊಂಡು ಹೋಗುತ್ತಿರುವಾಗಲೇ ಅದು ಮುಳುಗಿತು.

೨೦೨೨ನೆಯ ಇಸವಿ ಏಪ್ರಿಲ ತಿಂಗಳಲ್ಲಿ ಕಪ್ಪು ಸಮುದ್ರದಲ್ಲಿ ರಷ್ಯದ ‘ಮಾಸ್ಕ್ವಾ’ ನೌಕೆಯು ಹೋಯಿತು. ನೂರ ಎಂಬತ್ತಾರು ಮೀಟರು ಉದ್ದದ ಆ ನೌಕೆಯ ಎರಡು ಪಕ್ಕಗಳಲ್ಲಿಯೂ ಸೇರಿ ಹದಿನಾರು ಭಾರಿ ಕ್ಷಿಪಣಿಗಳು ಸಾಲಾಗಿದ್ದುವು. ದಡದ ಮೇಲಿಂದ ‘ನೆಪ್ಚೂನ್’ ಕ್ಷಿಪಣಿಗಳಿಂದ ಹೊಡೆದೆವೆಂದು ಯುಕ್ರೇನಿನವರು ಹೇಳಿದರು. ಒಳಗಿನ ಮದ್ದುಗುಂಡಿಗೆ ಬೆಂಕಿ ಹತ್ತಿತು, ಬಿರುಗಾಳಿಯಲ್ಲಿ ಮುಳುಗಿತು ಎಂದು ರಷ್ಯದವರು ಹೇಳಿದರು. ಎರಡು ಮಾತುಗಳೂ ಕಡೆಗೆ ನಿಲ್ಲುವುದು ಬೆಂಕಿಯ ಬಳಿಯಲ್ಲಿಯೇ.

ಶತ್ರುವೇ ಇಲ್ಲದಾಗಲೂ ಈ ಕಿಚ್ಚು ಹಡಗಿನೊಳಗೆ ಹೊಂಚುಹಾಕಿಕೊಂಡೇ ಇರುವುದು. ೨೦೧೯ನೆಯ ಇಸವಿ ಏಪ್ರಿಲ ೨೬ರಂದು ವಿಕ್ರಮಾದಿತ್ಯ ನೌಕೆಯು ಕಾರವಾರದ ಬಂದರವನ್ನು ಪ್ರವೇಶಿಸುತ್ತಿದ್ದಾಗ ಅದರ ಯಂತ್ರಭಾಗದಲ್ಲಿ ಬೆಂಕಿಯೆದ್ದಿತು. ಅದನ್ನು ಆರಿಸಲು ಮುಂದಾಳಾಗಿ ನುಗ್ಗಿದ ತರುಣ ಅಧಿಕಾರಿಯೊಬ್ಬರು ಹೊಗೆಯಿಂದ ಪ್ರಾಣಬಿಟ್ಟರು, ಹಡಗು ಉಳಿಯಿತು.

ಕಣ್ಣಿಗೂ ಕಡಲಿಗೂ ನಡುವೆ

ಇಷ್ಟು ದೊಡ್ಡ ಹಡಗುಗಳಿಗೆ ರಾಡಾರಿರುವಾಗ ಬರುತ್ತಿರುವ ಕ್ಷಿಪಣಿಯು ಏಕೆ ಕಾಣಿಸದು? ಇದಕ್ಕೆ ಕಾರಣವು ಯಂತ್ರದ ಕುಂದಲ್ಲ, ಭೂಮಿಯ ಗುಂಡಾಕಾರವು. ಸಮುದ್ರವು ಚಪ್ಪಟೆಯಾಗಿ ತೋರಿದರೂ ಅದು ಬಾಗಿರುವುದು. ದಿಗಂತದಾಚೆ ನೀರಿನ ಬೆನ್ನೇ ಮರೆಯಾಗಿ ನಿಲ್ಲುವುದು.

ಒಂದು ಸಣ್ಣ ಲೆಕ್ಕವನ್ನು ಮಾಡಿ ನೋಡಬಹುದು. ರಾಡಾರನ್ನು ನೀರಿನಿಂದ ೨೫ ಮೀಟರು ಎತ್ತರದ ಕಂಬದ ಮೇಲೆ ಇಟ್ಟರೆ ಅದಕ್ಕೆ ಸುಮಾರು ೨೧ ಕಿಲೊಮೀಟರಿನವರೆಗೆ ನೀರಿನ ಮೈ ಕಾಣುವುದು. ಕ್ಷಿಪಣಿಯು ಅಲೆಗಳಿಗಿಂತ ನಾಲ್ಕೇ ಮೀಟರು ಮೇಲೆ ಹಾರಿಬಂದರೆ, ಆ ಎತ್ತರಕ್ಕಾಗಿ ಇನ್ನೆಂಟು ಕಿಲೊಮೀಟರು ಸೇರುವುದು. ಅಂತೂ ಹಡಗಿಗೆ ಅದು ಕಣ್ಣಿಗೆ ಬೀಳುವುದು ೨೯ ಕಿಲೊಮೀಟರು ದೂರದಲ್ಲಿದ್ದಾಗ. ಸಾಧಾರಣ ಕ್ಷಿಪಣಿಯು ಸೆಕೆಂಡಿಗೆ ೩೦೦ ಮೀಟರು ಓಡುವುದು. ಆಗ ಹಡಗಿನವರಿಗೆ ಉಳಿಯುವ ಹೊತ್ತು ಒಂದೂವರೆ ನಿಮಿಷವು. ಎಲೆಯಡಕೆಯನ್ನು ಮಡಿಸಿ ಬಾಯಿಗಿಡುವಷ್ಟರಲ್ಲಿ ಅದು ಮುಗಿದುಹೋಗುವುದು. ನಮ್ಮ ದೇಶವು ರಷ್ಯದೊಡನೆ ಸೇರಿ ಸಿದ್ಧಪಡಿಸಿ ೨೦೦೧ನೆಯ ಇಸವಿಯಲ್ಲಿ ಮೊದಲು ಹಾರಿಸಿ ನೋಡಿದ ‘ಬ್ರಹ್ಮೋಸ್’ ಕ್ಷಿಪಣಿಯು ಶಬ್ದದ ವೇಗಕ್ಕೆ ಹೆಚ್ಚುಕಡಮೆ ಮೂರು ಪಾಲು ವೇಗವುಳ್ಳುದು. ಅದರ ಎದುರಿನಲ್ಲಿರುವವರಿಗೆ ಉಳಿಯುವುದು ಅರ್ಧ ನಿಮಿಷದ ಆಸುಪಾಸು. ಅಷ್ಟರೊಳಗಾಗಿ ಕಾಣಬೇಕು, ಗುರುತಿಸಬೇಕು, ಅಪ್ಪಣೆಯಾಗಬೇಕು, ಹೊಡೆಯಬೇಕು.

ಕಂಬವನ್ನು ಎತ್ತರಿಸಿದರೆ ಆಗದೇ ಎಂದರೆ, ಎತ್ತರಿಸಿದಷ್ಟಕ್ಕೂ ಹಡಗು ಶತ್ರುವಿಗೂ ಎದ್ದು ಕಾಣುವುದು. ಎತ್ತರವನ್ನು ನಾಲ್ಕು ಪಾಲು ಮಾಡಿದರೂ ನೋಟವು ಎರಡೇ ಪಾಲು ಹಿಗ್ಗುವುದು. ಆದುದರಿಂದಲೇ ಹಡಗುಗಳು ಹೆಲಿಕಾಪ್ಟರುಗಳನ್ನೂ ವಿಮಾನಗಳನ್ನೂ ಮೇಲಕ್ಕೆ ಕಳುಹಿಸಿ ಅವುಗಳ ಕಣ್ಣಿನಿಂದ ನೋಡುವುವು. ಗದ್ದೆಯ ನಡುವೆ ನಿಂತವನಿಗಿಂತ ಅಟ್ಟಣೆಯ ಮೇಲಿನ ಕಾವಲುಗಾರನಿಗೆ ಹಂದಿಯ ಹಿಂಡು ಮೊದಲು ಕಾಣುವುದಷ್ಟೆ.

ನೆಲದ ಮೇಲಣ ರಣಗಾಡಿ

ನೀರಿನ ಮೇಲಣ ಕಥೆಯೇ ನೆಲದ ಮೇಲೆಯೂ ನಡೆದಿದೆ. ಟ್ಯಾಂಕೆಂದು ಎಲ್ಲರೂ ಕರೆಯುವ ರಣಗಾಡಿಗೆ ಅಂಗೈಗಳಗಲದ ದಪ್ಪದ ಉಕ್ಕಿನ ಕವಚವಿರುವುದು. ಇದನ್ನು ಒಂದು ಹಗುರಾದ ಕ್ಷಿಪಣಿಯು ತೂತುಮಾಡುವುದು ಹೇಗೆ? ಮನೆಯಲ್ಲಿ ಸೀಮೆಎಣ್ಣೆಯನ್ನು ಹೊಯ್ಯುವ ಲಾಳಿಕೆಯನ್ನು ನೆನೆಯಿರಿ. ಸಿಡಿಮದ್ದಿನ ಮುಂಭಾಗದಲ್ಲಿ ಲಾಳಿಕೆಯ ಆಕಾರದ ಹಳ್ಳವನ್ನು ಮಾಡಿ, ಅದಕ್ಕೆ ತೆಳುವಾದ ತಾಮ್ರದ ತಗಡನ್ನು ಹೊದಿಸಿರುವರು. ಮದ್ದು ಸಿಡಿದೊಡನೆ ಆ ತಗಡು ಎಲ್ಲ ಕಡೆಯಿಂದಲೂ ಒತ್ತಿಸಿಕೊಂಡು ತೆಳ್ಳನೆಯ ಧಾರೆಯಾಗಿ ಮುಂದಕ್ಕೆ ಚಿಮ್ಮುವುದು. ಆ ಧಾರೆಯ ತುದಿಯ ವೇಗವು ಸೆಕೆಂಡಿಗೆ ಎಂಟು ಕಿಲೊಮೀಟರಿಗೂ ಮೇಲೇರಬಹುದು. ಅಂತಹ ಒತ್ತಡದ ಮುಂದೆ ಉಕ್ಕು ಕೆಸರಿನಂತೆ ಅತ್ತಿತ್ತ ಸರಿದು ದಾರಿ ಬಿಡುವುದು. ಉಕ್ಕನ್ನು ಕರಗಿಸಿ ತೂತು ಮಾಡುವುದೆಂದು ಹಲವರು ತಿಳಿದಿರುವರು, ಅದು ಸರಿಯಲ್ಲ. ಇಲ್ಲಿ ಕೆಲಸ ಮಾಡುವುದು ಕಾವಲ್ಲ, ಒತ್ತಡವು.

೧೯೭೩ನೆಯ ಇಸವಿ ಅಕ್ಟೋಬರದಲ್ಲಿ ಸಿನಾಯ್ ಮರುಭೂಮಿಯಲ್ಲಿ ಈಜಿಪ್ಟಿನ ಕಾಲಾಳುಗಳು ಪೆಟ್ಟಿಗೆಯಲ್ಲಿ ಹೊತ್ತು ತಂದ ‘ಸ್ಯಾಗರ್’ ಕ್ಷಿಪಣಿಗಳು ಇಸ್ರೇಲಿನ ರಣಗಾಡಿಗಳನ್ನು ಸಾಲುಸಾಲಾಗಿ ಸುಟ್ಟುವು. ರಣಗಾಡಿಯ ಕಾಲ ಮುಗಿಯಿತೆಂದು ಆಗಲೇ ಬಹುಮಂದಿ ಬರೆದರು. ಆದರೆ ಆ ಕ್ಷಿಪಣಿಯನ್ನು ತಂತಿಯ ಮೂಲಕ, ಸಣ್ಣ ಹಿಡಿಯೊಂದನ್ನು ತಿರುಗಿಸುತ್ತ, ಮನುಷ್ಯನು ಕಣ್ಣಿಟ್ಟು ನಡೆಯಿಸಬೇಕಾಗಿತ್ತು. ಮೂರು ಕಿಲೊಮೀಟರಿನ ಗುರಿಯನ್ನು ಮುಟ್ಟಲು ಅದಕ್ಕೆ ಸುಮಾರು ಇಪ್ಪತ್ತೈದು ಸೆಕೆಂಡು ಬೇಕು. ಅಷ್ಟು ಹೊತ್ತು ಆತನ ಸುತ್ತ ಗುಂಡು ಸುರಿಯುತ್ತಿದ್ದರೆ ಕೈ ನಡುಗಿ ಗುರಿ ತಪ್ಪುವುದು. ಇದನ್ನು ಕಂಡುಕೊಂಡ ಇಸ್ರೇಲಿನವರು ರಣಗಾಡಿಗಳನ್ನು ಒಂಟಿಯಾಗಿ ಕಳುಹಿಸುವುದನ್ನು ಬಿಟ್ಟು, ಕಾಲಾಳನ್ನೂ ತೋಪುಗಳನ್ನೂ ಜೊತೆಗೂಡಿಸಿದರು. ಯುದ್ಧದ ಮುಖವು ತಿರುಗಿತು.

ಆ ಬಳಿಕ ಕ್ಷಿಪಣಿಯೂ ಕಲಿಯಿತು. ಅಮೇರಿಕದ ‘ಜಾವೆಲಿನ್’ ಎಂಬುದನ್ನು ಹಾರಿಸಿದವನು ಆ ಕ್ಷಣವೇ ಮರೆಗೆ ಸರಿಯಬಹುದು. ಅದು ಮೇಲಕ್ಕೇರಿ, ಕವಚವು ತೆಳುವಾಗಿರುವ ಗಾಡಿಯ ನೆತ್ತಿಯ ಮೇಲೆ ಬೀಳುವುದು. ಉಪಕರಣವೆಲ್ಲ ಸೇರಿ ಅದರ ತೂಕವು ಇಪ್ಪತ್ತೆರಡು ಕಿಲೊಗ್ರಾಮಿನಷ್ಟು. ೨೦೨೨ನೆಯ ಇಸವಿಯಲ್ಲಿ ಯುಕ್ರೇನಿನ ಹಾದಿಗಳಲ್ಲಿ ರಷ್ಯದ ಗಾಡಿಗಳ ಮೇಲಣ ಗೋಪುರಗಳು ಕಿತ್ತು ದೂರ ಬಿದ್ದ ಚಿತ್ರಗಳನ್ನು ವಾಚಕರು ನೋಡಿರಬಹುದು. ‘ಟಿ-೭೨’ ಎಂಬ ಜಾತಿಯ ಗಾಡಿಯಲ್ಲಿ, ಆಳುಗಳು ಕುಳಿತುಕೊಳ್ಳುವ ಜಾಗದ ಕೆಳಗೆ ಗಾಣದಂತೆ ತಿರುಗುವ ತಟ್ಟೆಯಲ್ಲಿ ಇಪ್ಪತ್ತೆರಡು ತೋಪಿನ ಗುಂಡುಗಳೂ ಅವುಗಳ ಮದ್ದೂ ಇರುವುವು. ಕವಚವನ್ನು ತೂರಿದ ಧಾರೆಯು ಅದನ್ನು ಮುಟ್ಟಿತೆಂದರೆ ಮುಂದಿನದನ್ನು ಹೇಳಬೇಕಾಗಿಲ್ಲ. ಪೊಳ್ಳಿಲೂರಿನ ಮದ್ದಿನ ಬಂಡಿಯೇ ಇಲ್ಲಿ ಮತ್ತೊಮ್ಮೆ ಸಿಡಿಯಿತು. ಇದೇ ಜಾತಿಯ ಗಾಡಿಗಳು ‘ಅಜೇಯ’ವೆಂಬ ಹೆಸರಿನಿಂದ ನಮ್ಮ ಸೈನ್ಯದಲ್ಲಿಯೂ ಇರುವುದರಿಂದ ಈ ಚಿತ್ರಗಳು ನಮಗೆ ಹೊರಗಿನವರ ಸುದ್ದಿಯಲ್ಲ. ಅದೇ ಯುದ್ಧದಲ್ಲಿ ಆಳಿಲ್ಲದ ಸಣ್ಣ ಡ್ರೋನುಗಳೂ ಗಾಡಿಗಳ ಮೇಲೆರಗಿದುವು. ಇವುಗಳಿಂದ ಉಳಿಯಲು ಸೈನಿಕರು ಕೋಳಿಯ ಗೂಡಿನಂತಹ ಕಬ್ಬಿಣದ ಬಲೆಗಳನ್ನು ಗಾಡಿಗಳ ಮೇಲೆ ಕಟ್ಟಿಕೊಂಡರು.

ಉಳಿಸುವ ಉಪಾಯಗಳು

ಇಷ್ಟನ್ನು ಓದಿದವರಿಗೆ ಎಲ್ಲವೂ ನಿರರ್ಥಕವೆಂದು ತೋರಬಹುದು. ಹಾಗಲ್ಲವೆಂಬುದಕ್ಕೆ ಇತಿಹಾಸದಲ್ಲಿಯೇ ಸಾಕ್ಷಿಗಳಿವೆ.

ಮೊದಲನೆಯದು ಮೋಸದ ಉಪಾಯವು. ಐಲಾತ್ ಮುಳುಗಿದ ಆರು ವರ್ಷಗಳಿಗೆ, ೧೯೭೩ನೆಯ ಇಸವಿ ಅಕ್ಟೋಬರ ೭ರ ರಾತ್ರಿ, ಸಿರಿಯದ ಲಟಾಕಿಯಾ ಬಂದರದ ಎದುರಿನಲ್ಲಿ ಸಿರಿಯ ಮತ್ತು ಇಸ್ರೇಲುಗಳ ಕ್ಷಿಪಣಿ ದೋಣಿಗಳು ಎದುರುಬದುರಾದುವು. ಸಿರಿಯದವರ ಬಳಿಯಲ್ಲಿದ್ದುದು ಐಲಾತನ್ನು ಮುಳುಗಿಸಿದ ಜಾತಿಯ ಅಸ್ತ್ರವೇ. ಅದರ ಓಟವು ಇಸ್ರೇಲಿನ ಅಸ್ತ್ರಕ್ಕಿಂತ ಹೆಚ್ಚು ದೂರದ್ದು. ಆದರೆ ಇಸ್ರೇಲಿನವರು ಸಣ್ಣ ಲೋಹದೆಳೆಗಳ ಮೋಡಗಳನ್ನು ಗಾಳಿಯಲ್ಲಿ ಹರಡಿ, ರಾಡಾರಿಗೆ ಸುಳ್ಳು ಅಲೆಗಳನ್ನು ಕಳುಹಿಸಿ, ಕ್ಷಿಪಣಿಯ ಕಣ್ಣಿಗೆ ಇಲ್ಲದ ಹಡಗುಗಳನ್ನು ತೋರಿಸಿದರು. ಸಿರಿಯದ ಒಂದು ಕ್ಷಿಪಣಿಯೂ ತಾಕಲಿಲ್ಲ. ನಮ್ಮ ದೇಶದಲ್ಲಿಯೂ ಇಂತಹ ಮೋಸದ ಮೋಡಗಳನ್ನು ಜೋಧಪುರದ ರಕ್ಷಣಾ ಪ್ರಯೋಗಾಲಯವು ಸಿದ್ಧಗೊಳಿಸಿದುದಾಗಿ ೨೦೨೧ನೆಯ ಇಸವಿಯಲ್ಲಿ ಪ್ರಕಟವಾಯಿತು. ಬೆಂಗಳೂರಿನ ಭಾರತ ಇಲೆಕ್ಟ್ರಾನಿಕ್ಸ್ ಕಾರ್ಖಾನೆಯು ಮಾಡುವ ರಾಡಾರುಗಳು ನಮ್ಮ ನೌಕೆಗಳ ಕಣ್ಣುಗಳಾಗಿರುವುವು.

ಎರಡನೆಯದು ಎಚ್ಚರವು. ೨೦೦೬ನೆಯ ಇಸವಿ ಜುಲೈ ೧೪ರಂದು ಲೆಬನಾನಿನ ಎದುರಿನಲ್ಲಿದ್ದ ಇಸ್ರೇಲಿನ ‘ಹನೀತ್’ ನೌಕೆಗೆ ದಡದಿಂದ ಬಂದ ಕ್ಷಿಪಣಿಯು ತಾಕಿ ನಾಲ್ವರು ಸತ್ತರು. ಆ ನೌಕೆಯಲ್ಲಿ ತಡೆಯುವ ಯಂತ್ರಗಳಿಗೆ ಕೊರತೆಯಿರಲಿಲ್ಲ. ಎದುರಾಳಿಯ ಬಳಿ ಅಂತಹ ಅಸ್ತ್ರವಿರಲಾರದೆಂದು ತಿಳಿದು ಅವುಗಳನ್ನು ನಡೆಯಿಸದೆ ಇಟ್ಟಿದ್ದರು. ಲಟಾಕಿಯಾದಲ್ಲಿ ಗೆದ್ದ ನೌಕಾಪಡೆಯೇ ಮೂವತ್ತಮೂರು ವರ್ಷಗಳ ಬಳಿಕ ಹೀಗೆ ಮೈಮರೆಯಿತು.

ಮೂರನೆಯದು, ಏಟು ಬಿದ್ದ ಮೇಲೂ ಹಡಗನ್ನು ಬಿಟ್ಟುಕೊಡದಿರುವ ಅಭ್ಯಾಸವು. ೧೯೮೭ನೆಯ ಇಸವಿ ಮೇ ೧೭ರಂದು ಪರ್ಷಿಯದ ಕೊಲ್ಲಿಯಲ್ಲಿ ಅಮೇರಿಕದ ‘ಸ್ಟಾರ್ಕ್’ ನೌಕೆಗೆ ಇರಾಕದ ವಿಮಾನದಿಂದ ಬಂದ ಎರಡು ಎಕ್ಸೊಸೆಟ್ ಕ್ಷಿಪಣಿಗಳು ತಾಕಿದುವು. ಮೂವತ್ತೇಳು ಮಂದಿ ನಾವಿಕರು ಸತ್ತರು. ಶೆಫೀಲ್ಡಿಗೆ ತಾಕಿದುದು ಒಂದೇ, ಇದಕ್ಕೆ ಎರಡು. ಆದರೂ ಉಳಿದವರು ಇಡೀ ರಾತ್ರಿ ಬೆಂಕಿಯೊಡನೆ ಹೋರಾಡಿ, ಒಂದು ಮಗ್ಗುಲಿಗೆ ವಾಲಿದ ಹಡಗನ್ನು ನೆಟ್ಟಗೆ ಮಾಡಿಕೊಂಡು ಬಂದರವನ್ನು ಸೇರಿಸಿದರು. ದುರಸ್ತಾಗಿ ಅದು ಮತ್ತೆ ಸೇವೆಗೆ ಬಂದಿತು. ಇಲ್ಲಿ ಹಡಗನ್ನು ಉಳಿಸಿದುದು ಕವಚವಲ್ಲ. ದಿನದಿನವೂ ಬೇಸರವಿಲ್ಲದೆ ಮಾಡಿಸಿದ ಕವಾಯತು, ತುಂಬಿಟ್ಟ ನೀರಿನ ಪಂಪು, ಕತ್ತಲಲ್ಲಿಯೂ ಬಾಗಿಲನ್ನು ತಡವಿ ಮುಚ್ಚಬಲ್ಲ ಕೈ.

ಇವೆಲ್ಲವೂ ಸೇರಿದರೂ ಏಟು ತಪ್ಪಿಯೇ ತಪ್ಪುವುದೆಂದು ಹೇಳಲಾಗದು. ತಡೆಯುವವನು ಪ್ರತಿ ಸಲವೂ ಗೆಲ್ಲಬೇಕು. ಹೊಡೆಯುವವನಿಗೆ ಒಂದು ಸಲ ಗೆದ್ದರೆ ಸಾಕು. ಕ್ಷಿಪಣಿಯ ಬೆಲೆಯು ಹಡಗಿನ ಬೆಲೆಯ ಒಂದು ಸಣ್ಣ ಅಂಶವು. ಹತ್ತು ಕ್ಷಿಪಣಿಗಳನ್ನು ಒಮ್ಮೆಗೇ ಬಿಟ್ಟು ಒಂಬತ್ತು ಹಾಳಾದರೂ ಅವನಿಗೆ ನಷ್ಟವಿಲ್ಲ. ಈ ಲೆಕ್ಕವು ದೊಡ್ಡ ಹಡಗಿನವರಿಗೆ ಹಿತವಾದುದಲ್ಲ. ಆದರೂ ಅದನ್ನು ಮುಚ್ಚಿಡುವುದರಿಂದ ಪ್ರಯೋಜನವಿಲ್ಲ.

ಹಾಗಾದರೆ ಹಡಗೇಕೆ?

ದಡದಲ್ಲಿಯೇ ಕ್ಷಿಪಣಿಗಳನ್ನಿಟ್ಟುಕೊಂಡು ಹಡಗುಗಳನ್ನು ಬಿಟ್ಟುಬಿಡಬಾರದೇಕೆಂದು ಕೇಳುವವರಿರುವರು. ಇದಕ್ಕೆ ಉತ್ತರವು ಕೆಂಪು ಸಮುದ್ರದ ಕಡೆಯಿಂದ ಬಂದಿರುವುದು. ಯೆಮೆನಿನ ಹೂತಿ ಬಂಡಾಯಗಾರರು ೨೦೨೩ನೆಯ ಇಸವಿಯ ಕೊನೆಯಿಂದ ಅಲ್ಲಿಯ ವ್ಯಾಪಾರದ ಹಡಗುಗಳ ಮೇಲೆ ಕ್ಷಿಪಣಿಗಳನ್ನೂ ಡ್ರೋನುಗಳನ್ನೂ ಎಸೆಯತೊಡಗಿದರು. ಆ ಹಡಗುಗಳಿಗೆ ಕವಚವಿಲ್ಲ, ಮೋಸದ ಮೋಡವಿಲ್ಲ, ತೋಪಿಲ್ಲ. ಅವುಗಳಲ್ಲಿ ದುಡಿಯುವವರಲ್ಲಿ ನಮ್ಮ ದೇಶದ ಮನೆಗಳ ಮಕ್ಕಳು ಬಹಳ.

೨೦೨೪ನೆಯ ಇಸವಿ ಜನವರಿ ೨೬ರಂದು ‘ಮಾರ್ಲಿನ್ ಲುಆಂಡ’ ಎಂಬ ಎಣ್ಣೆಯ ಹಡಗಿಗೆ ಏಡನ್ ಕೊಲ್ಲಿಯಲ್ಲಿ ಕ್ಷಿಪಣಿಯು ತಾಕಿ ಬೆಂಕಿ ಹತ್ತಿತು. ಅದರಲ್ಲಿದ್ದ ಇಪ್ಪತ್ತಮೂರು ಮಂದಿಯಲ್ಲಿ ಇಪ್ಪತ್ತೆರಡು ಮಂದಿ ಭಾರತೀಯರು. ಆ ದಿನ ನಮ್ಮ ‘ವಿಶಾಖಪಟ್ಟಣಂ’ ನೌಕೆಯು ಅಲ್ಲಿಗೆ ಧಾವಿಸಿತು. ಅದರ ಹತ್ತು ಮಂದಿ ಬೆಂಕಿ ಆರಿಸುವವರು ಉರಿಯುವ ಹಡಗಿಗೆ ಏರಿ, ಹಡಗಿನವರೊಡನೆ ಸೇರಿ ಬೆಂಕಿಯನ್ನು ನಂದಿಸಿದರು. ಅದೇ ವರ್ಷ ಮಾರ್ಚಿ ೬ರಂದು ‘ಟ್ರೂ ಕಾನ್ಫಿಡೆನ್ಸ್’ ಎಂಬ ಹಡಗಿಗೆ ಏಟು ಬಿದ್ದಿತು. ಮೂವರು ನಾವಿಕರು ಸತ್ತರು. ಬದುಕಿದ ಇಪ್ಪತ್ತೊಂದು ಮಂದಿಯನ್ನು ನಮ್ಮ ‘ಕೋಲಕತ್ತಾ’ ನೌಕೆಯು ಎತ್ತಿಕೊಂಡು ಬಂದಿತು. ದಡದಲ್ಲಿ ಹೂತಿಟ್ಟ ಕ್ಷಿಪಣಿಯು ಶತ್ರುವನ್ನು ಹೊಡೆಯಬಹುದು. ನೀರಿಗೆ ಬಿದ್ದವನ ಕೈಹಿಡಿದು ಎತ್ತಲಾರದು, ಉರಿಯುವ ಹಡಗಿಗೆ ನೀರು ಹೊಯ್ಯಲಾರದು. ಅದಕ್ಕೆ ಹಡಗೇ ಬೇಕು, ಹಡಗಿನಲ್ಲಿ ಮನುಷ್ಯನೇ ಬೇಕು.

ಆದುದರಿಂದ ನಾವು ಕೇಳತಕ್ಕ ಪ್ರಶ್ನೆಯ ಆಕಾರವೇ ಬದಲಾಗಬೇಕು. ‘ಈ ಹಡಗು ಮುಳುಗಬಲ್ಲುದೇ?’ ಎಂದು ಕೇಳಿದರೆ ಉತ್ತರವು ಒಂದೇ: ಯಾವ ಹಡಗಾದರೂ ಮುಳುಗಬಲ್ಲುದು. ‘ಇದನ್ನು ಒಂಟಿಯಾಗಿ ಕಳುಹಿಸುವರೋ, ಜೊತೆಗಾರರೊಡನೆಯೋ? ಇದರ ಕಾವಲಿನ ಯಂತ್ರಗಳು ನಡೆಯುತ್ತಿರುವುವೋ, ಪಟ್ಟಿಯಲ್ಲಿ ಮಾತ್ರ ಇರುವುವೋ? ಬೆಂಕಿ ಆರಿಸುವ ಕವಾಯತು ಎಷ್ಟು ದಿನಕ್ಕೊಮ್ಮೆ ನಡೆಯುವುದು? ಹೊಗೆಯಲ್ಲಿ ಉಸಿರಾಡುವ ಮುಖವಾಡಗಳು ಪ್ರತಿಯೊಬ್ಬನಿಗೂ ಉಂಟೋ?’ ಎಂದು ಕೇಳಿದರೆ ಉಪಯೋಗವಾದ ಉತ್ತರವು ದೊರೆಯುವುದು. ಹೊಸ ಹಡಗನ್ನು ನೀರಿಗಿಳಿಸುವ ದಿನ ಎಲ್ಲರೂ ಚಪ್ಪಾಳೆ ತಟ್ಟುವರು. ಹೊಸ ಪಂಪಿಗೂ ಮುಖವಾಡಕ್ಕೂ ಹಣ ಕೊಟ್ಟ ದಿನ ಯಾರೂ ತಟ್ಟುವುದಿಲ್ಲ. ಆದರೆ ಶೆಫೀಲ್ಡಿಗೂ ಸ್ಟಾರ್ಕಿಗೂ ನಡುವಣ ಅಂತರವು ಅಂತಹ ಸಾಮಾನುಗಳಲ್ಲಿಯೂ ಅವುಗಳನ್ನು ಬಳಸಬಲ್ಲ ಕೈಗಳಲ್ಲಿಯೂ ಇದ್ದಿತು.

ಮಗನನ್ನು ನೌಕಾಪಡೆಗೆ ಕಳುಹಿಸಿದ ಮನೆಯವರಿಗೆ ಹೇಳತಕ್ಕ ಮಾತೂ ಇದೇ. ಆತನು ಏರುವ ಹಡಗು ಅಭೇದ್ಯವೆಂದು ಯಾರಾದರೂ ಹೇಳಿದರೆ ನಂಬಬೇಡಿರಿ. ಅದು ಮುಳುಗುವುದಕ್ಕೇ ಹುಟ್ಟಿದ ಡಬ್ಬಿಯೆಂದು ಹೇಳಿದರೂ ನಂಬಬೇಡಿರಿ. ರಜೆಗೆ ಬಂದಾಗ ಹಡಗಿನ ಉದ್ದಗಲಗಳನ್ನೂ ತೋಪುಗಳನ್ನೂ ಕೇಳುವುದರ ಜೊತೆಗೆ, ಬೆಂಕಿ ಆರಿಸುವ ಪಾಠವನ್ನು ಚೆನ್ನಾಗಿ ಕಲಿತೆಯಾ ಎಂದು ಒಂದು ಮಾತು ಕೇಳಿರಿ. ಆ ಪಾಠದಲ್ಲಿ ಬೇಸರಪಡಬೇಡವೆಂದು ತಾಯಿಯು ಹೇಳಿದ ಮಾತು ಮೇಲಧಿಕಾರಿಯ ಅಪ್ಪಣೆಗಿಂತ ಹೆಚ್ಚು ಕಾಲ ನೆನಪಿನಲ್ಲಿರುವುದುಂಟು.

ಬಂದರಕ್ಕಾಗಿ ಮನೆಯನ್ನು ಬಿಟ್ಟುಕೊಟ್ಟ ಕಡಲತಡಿಯ ಕುಟುಂಬಗಳ ಋಣವು ಹೊಸ ಹಡಗು ಬಂದು ನಿಂತ ಮಾತ್ರಕ್ಕೆ ತೀರಿತೆಂದು ಎಣಿಸಲಾಗದು. ಅವರು ಕೊಟ್ಟ ನೆಲದಲ್ಲಿ ನಿಂತ ಹಡಗನ್ನು ಸಾಕುವವರು ಅದನ್ನು ಎಚ್ಚರದಿಂದ ಸಾಕುವುದು ಆ ಋಣದ ಒಂದು ಪಾಲು. ಅವರ ಮಕ್ಕಳು ಅದರಲ್ಲಿ ದುಡಿಯುವಾಗ ಸುರಕ್ಷಿತರಾಗಿರುವಂತೆ ನೋಡಿಕೊಳ್ಳುವುದು ಇನ್ನೊಂದು ಪಾಲು. ಘಟ್ಟದ ಮೇಲಿನವರಾದ ನಾವು ಕಾರವಾರಕ್ಕೆ ಇಳಿದಾಗ ಮರಳಿನ ಮೇಲಣ ಚಪಲ್ ನೌಕೆಯನ್ನು ಮಕ್ಕಳಿಗೆ ತೋರಿಸಿ, ಸಣ್ಣದು ದೊಡ್ಡದನ್ನು ಗೆದ್ದ ಕಥೆಯನ್ನು ಹೇಳುವುದು ವಾಡಿಕೆ. ಅದರೊಡನೆ ಖುಕ್ರಿಯ ಕಥೆಯನ್ನೂ, ಬೆಂಕಿಗೆ ನುಗ್ಗಿದ ವಿಕ್ರಮಾದಿತ್ಯದ ಅಧಿಕಾರಿಯ ಕಥೆಯನ್ನೂ ಹೇಳಿದರೆ ಮಕ್ಕಳಿಗೆ ಅರ್ಧ ಸತ್ಯದ ಬದಲು ಪೂರ್ಣ ಸತ್ಯವು ತಿಳಿಯುವುದು.